ತಮಟೆಯವನ ಕೈ

"ಗುರುಗಳೇ, ಹಲವು ನಾಡುಗಳ ತಾಳಗಳನ್ನು ಒಂದೇ ಆಲ್ಬಮ್ಮಿನಲ್ಲಿ ಕೂಡಿಸಿದರೆ ಯಾರಿಗೆ ನಷ್ಟ?" ಎಂದು ಶಿಷ್ಯ ಕೇಳಿದ.

ಗುರು ಹೇಳಿದರು:

ಒಬ್ಬ ತಮಟೆಯವನಿದ್ದ. ಊರಲ್ಲಿ ಯಾರೇ ತೀರಿಕೊಂಡರೂ ಚಟ್ಟದ ಮುಂದೆ ಬಾರಿಸುತ್ತ ನಡೆಯುವುದು ಅವನ ಕೆಲಸ. ಅದಕ್ಕೊಂದು ಕಟ್ಟಳೆ ಇತ್ತು. ಹೊತ್ತವರು ತಮಟೆಗೆ ಹೆಜ್ಜೆ ಹಾಕುತ್ತಾರೆ. ತಮಟೆಯವನು ಆಗಾಗ ಹಿಂತಿರುಗಿ ಅವರ ಕಾಲು ನೋಡಿಕೊಂಡೇ ಬಾರಿಸಬೇಕು. ಏರು ಬಂದರೆ ಪೆಟ್ಟನ್ನು ತಡೆಯಬೇಕು, ಹೆಗಲು ಬದಲಿಸುವಾಗ ಕಾಯಬೇಕು. ಹೀಗಾಗಿ ಅವನ ತಾಳ ಒಂದು ದಿನ ಇದ್ದಂತೆ ಇನ್ನೊಂದು ದಿನ ಇರುತ್ತಿರಲಿಲ್ಲ.

ಪಟ್ಟಣದ ಜಾಝ್ ಸಂಗೀತಗಾರನೊಬ್ಬ ಏಳು ನಾಡುಗಳ ತಾಳ ಬೆರೆಸಿ ಆಲ್ಬಂ ಮಾಡುತ್ತಿದ್ದ. ಈ ತಮಟೆ ಕೇಳಿ ಮರುಳಾದ. ಅವನನ್ನು ಸ್ಟುಡಿಯೋಗೆ ಕರೆದೊಯ್ದು ಕಿವಿಗೆ ಹೆಡ್‌ಫೋನ್ ಹಾಕಿದ. ಅದರೊಳಗೆ ಟಿಕ್ ಟಿಕ್ ಎಂದು ಲಯ ತೋರಿಸುವ ಯಂತ್ರದ ಸದ್ದು.

"ಇಲ್ಲಿ ಹೊರೋರೇ ಇಲ್ವಲ್ಲ ಸ್ವಾಮಿ. ಯಾರ ಕಾಲು ನೋಡ್ಕೊಂಡು ಬಾರಿಸ್ಲಿ?" ಎಂದ ತಮಟೆಯವನು.

"ಯಾರನ್ನೂ ನೋಡ್ಬೇಡಪ್ಪ. ಕಣ್ಮುಚ್ಕೊಂಡು ಟಿಕ್ ಟಿಕ್ ಕೇಳು. ಕೂದಲೆಳೆಯಷ್ಟೂ ಆಚೀಚೆ ಆಗ್ಬಾರ್ದು."

ನಲವತ್ತು ದಿನ ಪಟ್ಟು ಹಿಡಿದು ಕಲಿತ. ಆಲ್ಬಂ ಹೊರಬಂತು. ಜನ ಹೊಗಳಿದ್ದೇ ಹೊಗಳಿದ್ದು. ಸುಳ್ಳೇಕೆ, ಅವನಿಗೂ ಹೆಮ್ಮೆಯಾಯಿತು.

ಕೆಲವು ತಿಂಗಳಿಗೆ, ಅವನಿನ್ನೂ ಪಟ್ಟಣದಲ್ಲಿದ್ದಾಗಲೇ, ಊರಲ್ಲಿ ಅವನ ತಾಯಿ ಸತ್ತಳು. ಹೆತ್ತವಳಿಗೆ ತಾನೇ ಬಾರಿಸುತ್ತೇನೆಂದು ತಮಟೆ ಹೆಗಲಿಗೇರಿಸಿದ. ಕೆರೆ ಏರಿ ಹತ್ತುವಾಗ ಹೊತ್ತವರು ಏದುಸಿರು ಬಿಟ್ಟರು. ಅವನು ತಿರುಗಿ ಅವರ ಕಾಲು ನೋಡಿದ. ತಡೆ ಎಂದು ಮನಸ್ಸು ಹೇಳಿತು, ಕೈ ಕೇಳಲಿಲ್ಲ. ಕಲಿತ ಲೆಕ್ಕದಲ್ಲೇ ಪೆಟ್ಟು ಬಿತ್ತು, ಕೂದಲೆಳೆಯಷ್ಟೂ ಆಚೀಚೆ ಆಗದೆ. ಹೊತ್ತವರ ಹೆಜ್ಜೆ ತಪ್ಪಿತು, ಚಟ್ಟ ವಾಲಿತು, ತಾಯಿಯ ಹೆಣ ಮಣ್ಣಿಗೆ ಉರುಳಿತು.

ಹಿರಿಯನೊಬ್ಬ ಬಂದು ಅವನ ಕೈಯಿಂದ ತಮಟೆ ತೆಗೆದುಕೊಂಡ. ಉಳಿದ ದಾರಿಯನ್ನು ಅವನು ತಾಯಿಯ ಹಿಂದೆ ಬರಿಗೈಯಲ್ಲಿ ನಡೆದ. ಆಮೇಲೆ ಊರವರು ಅವನನ್ನು ಯಾವ ಸಾವಿಗೂ ಕರೆಯಲಿಲ್ಲ.

ಕತೆ ಮುಗಿಯಿತು. ಶಿಷ್ಯ ಕೇಳಿದ: "ಆ ಸಂಗೀತಗಾರನಿಗೆ ಇದೆಲ್ಲ ತಿಳಿಯಿತೇ?"

"ಅವನಿಗೆ ಪುರುಸೊತ್ತೆಲ್ಲಿ, ಎಂಟನೆಯ ನಾಡನ್ನು ಹುಡುಕಿಕೊಂಡು ಹೋಗಿದ್ದ," ಎಂದರು ಗುರು.