ಹಾಸ್ಟೆಲಿನ ಒಡೆದ ಹಾಲು

ಹಾಸ್ಟೆಲಿನಲ್ಲಿ ಅಡುಗೆ ಮಾಡುವ ದ್ಯಾಮವ್ವ ಬೆಳಿಗ್ಗೆ ಹಾಲಿನ ಪಾತ್ರೆ ಮೂಸಿ ನೋಡಿದಳು. ಹುಳಿ ವಾಸನೆ ಬಂತು. ರಾತ್ರಿಯೆಲ್ಲ ಸೆಕೆಯಲ್ಲಿ ಹೊರಗೇ ಉಳಿದಿದ್ದ ಹಾಲನ್ನು ವಾರ್ಡನ್ ವಿರೂಪಾಕ್ಷಯ್ಯನವರು ಹೊಸ ಹಾಲಿಗೆ ಸುರಿಸಿದ್ದರು.

“ಹಳೇದು ಕೂಡಿ ಹೊಸದೂ ಕೆಟ್ಟೈತ್ರಿ ಸರ. ಹುಡುಗ್ರ ಹೊಟ್ಟಿ ಕೆಡತೈತಿ,” ಅಂದಳು.

“ಹಾಲು ಚಲೋ ಐತಿ. ಕೊಡು ಅಂದ್ರ ಕೊಡು. ಇಲ್ಲಾಂದ್ರ ನಾಳಿಂದ ಬರಬ್ಯಾಡ,” ಅಂದರು ವಾರ್ಡನ್.

ಅಷ್ಟರಲ್ಲಿ ತಪಾಸಣೆಗೆ ಅಧಿಕಾರಿಣಿಯೊಬ್ಬರು ಬಂದು ಕುಳಿತರು. ದ್ಯಾಮವ್ವ ಕುದಿಯುವ ಕರಿ ಚಹಾ ತಂದು ವಾರ್ಡನ್ನರ ಮುಂದಿಟ್ಟಳು. ಎಲ್ಲರೆದುರಿಗೇ ಅದಕ್ಕೆ ಆ ಹಾಲು ಹಾಕಿದಳು. ಹಾಲು ಒಡೆದು ಬಿಳಿ ಚೂರುಗಳು ಮೇಲೆ ತೇಲಿದವು.

ಅಧಿಕಾರಿಣಿ ಲೋಟವನ್ನೇ ನೋಡಿದರು. “ಮಕ್ಕಳಿಗೂ ಇದೇ ಹಾಲಾ?”

ವಾರ್ಡನ್ ಲೋಟವನ್ನು ಬದಿಗೆ ಸರಿಸಿದರು. “ಇಲ್ಲ ಮೇಡಂ. ಮಕ್ಕಳಿಗೆ ಕೊಡೋ ಮೊದಲು ನಾನೇ ಕುಡಿದು ನೋಡ್ತೀನಿ. ಕೆಟ್ಟಿದ್ರೆ ಚೆಲ್ಲಿಸ್ತೀನಿ.”

“ಒಳ್ಳೆ ಪದ್ಧತಿ. ದಿನಾ ಮಾಡ್ತಾರಾ?” ಎಂದು ಅಧಿಕಾರಿಣಿ ದ್ಯಾಮವ್ವನನ್ನು ಕೇಳಿದರು.

“ಇನ್ನ ಮ್ಯಾಲೆ ಒಂದು ದಿನಾನೂ ತಪ್ಪಂಗಿಲ್ರಿ. ಮೊದಲನೇ ಲೋಟ ಸರಗೇ ಕೊಡ್ತೀನ್ರಿ,” ಅಂದ ದ್ಯಾಮವ್ವ, ಪಾತ್ರೆ ಎತ್ತಿಕೊಂಡು ಹಾಲು ಚೆಲ್ಲಲು ಹಿತ್ತಲಿಗೆ ನಡೆದಳು.