ಅಜ್ಜ ಕೈ ತಡೆಯುತ್ತಿದ್ದ ಮೂರು ಕಡೆ

ಅಮೆರಿಕದ ದಕ್ಷಿಣಕ್ಕೆ ಲೂಸಿಯಾನಾ ಅಂತ ಒಂದು ಸೀಮೆ. ಭತ್ತದ ಗದ್ದೆ, ಕೆಸರು, ಸೆಕೆ, ಸೊಳ್ಳೆ, ಯಾವುದಕ್ಕೂ ಕಡಿಮೆಯಿಲ್ಲ. ಅಲ್ಲಿನ ಕಪ್ಪು ಜನ, ಹೊಲದಲ್ಲಿ ದುಡಿದವರು, ಕಟ್ಟಿಕೊಂಡ ಸಂಗೀತಕ್ಕೆ ಜೈಡೆಕೊ ಎಂದು ಹೆಸರು. ಕೈಕಟ್ಟಿ ಕೂತು ತಲೆದೂಗುವ ಸಂಗೀತವಲ್ಲ ಅದು. ಕೇಳಿದವರು ಎದ್ದು ಕುಣಿಯಲೇಬೇಕು. ಎದೆಗೆ ಕಟ್ಟಿಕೊಂಡು ಹಿಗ್ಗಿಸಿ ಕುಗ್ಗಿಸಿ ನುಡಿಸುವ ಅಕಾರ್ಡಿಯನ್ ಒಂದು, ಹೆಗಲಿಗೆ ನೇತುಹಾಕಿಕೊಂಡು ಚಮಚದಿಂದ ಗೀರುವ ಏಣುಏಣಾದ ತಗಡು ಒಂದು. ಇವೆರಡಿದ್ದರೆ ಸಾಕು.

ಓವೀಡಜ್ಜ ಅಂಥ ಮನೆತನದವನು. ಅರವತ್ತು ವರ್ಷ ಅಕಾರ್ಡಿಯನ್ ನುಡಿಸಿದ. ಈಗ ಬೆರಳ ಗೆಣ್ಣುಗಳು ಊದಿ ಗುಂಡಿ ಒತ್ತಲು ಬಾರದು. ಮಗ ಲಾರಿ ಓಡಿಸಲು ಹೋದ, ಅವನಿಗೆ ಇದರ ಗೊಡವೆಯೇ ಬೇಡ. ಉಳಿದವರು ಮೊಮ್ಮಕ್ಕಳು: ಇಪ್ಪತ್ತರ ಡೆಲ್ಫೀನ್, ಅವಳ ತಮ್ಮ ರೆಮಿ. ತಗಡು ರೆಮಿಯ ಹೆಗಲೇರಿ ಆಗಲೇ ಎರಡು ವರ್ಷವಾಗಿತ್ತು. ಅಕಾರ್ಡಿಯನ್ ನನಗೆ ಬೇಕು ಎಂದವಳು ಡೆಲ್ಫೀನ್.

ಬೇಕೆಂದ ಕೂಡಲೇ ಕೊಟ್ಟುಬಿಡುತ್ತಾರೆಯೇ? ಆ ಮನೆಯಲ್ಲೊಂದು ಪದ್ಧತಿ. ವಸಂತದ ಒಂದು ಭಾನುವಾರ ಸುತ್ತಲಿನ ಜನ ಕುದುರೆ ಹತ್ತಿ ಸವಾರಿ ಹೊರಡುತ್ತಾರೆ, ಮಧ್ಯಾಹ್ನ ಕುಣಿತದ ಹಾಲ್‌ಗೆ ಬಂದು ಸೇರುತ್ತಾರೆ. ಅವರ ಮುಂದೆ ಮುತ್ತಜ್ಜ ಕಟ್ಟಿದ ಮನೆಯ ಹಾಡನ್ನು ನುಡಿಸಬೇಕು. ಹಾಡು ಮುಗಿಯುವಾಗ ಜನ ಇನ್ನೂ ಕುಣಿಯುತ್ತಿದ್ದರೆ ಅಕಾರ್ಡಿಯನ್ ನಿಮ್ಮದು. ನೆಲ ಖಾಲಿಯಾಗಿದ್ದರೆ ಮುಂದಿನ ವಸಂತದವರೆಗೆ ಅದನ್ನು ಪೆಟ್ಟಿಗೆಯಿಂದ ತೆಗೆಯುವಂತಿಲ್ಲ.

ಡೆಲ್ಫೀನ್‌ಗೆ ಕಾಯುವ ವ್ಯವಧಾನವಿರಲಿಲ್ಲ. ಅದಕ್ಕೆ ಕಾರಣ ಅಜ್ಜಿ.

"ಐವತ್ತೆಂಟು ವರ್ಷ ಸಂಸಾರ ಮಾಡಿದೆ ಕಣೇ, ಒಂದು ದಿನವೂ ಇವರ ಜೊತೆ ಕುಣಿಯಲಿಲ್ಲ. ಇವರು ಊರನ್ನೆಲ್ಲ ಕುಣಿಸಿದರು, ನಾನು ಗೋಡೆಗೆ ಒರಗಿ ಕೂತೆ" ಎಂದಿದ್ದಳು ಅಜ್ಜಿ ಒಮ್ಮೆ. ನಗುತ್ತಲೇ ಅಂದದ್ದು, ಆದರೆ ತಾನು ನುಡಿಸಿ ಇವರಿಬ್ಬರನ್ನೂ ಕುಣಿಸಬೇಕೆಂದು ಡೆಲ್ಫೀನ್ ಆಗಲೇ ಮನಸ್ಸು ಮಾಡಿದಳು. ಅಜ್ಜನಿಗೆ ಎಂಬತ್ತೊಂದು. ಮುಂದಿನ ವಸಂತಕ್ಕೆ ಆ ಕಾಲು ಏಳುತ್ತದೋ ಇಲ್ಲವೋ ಯಾರು ಕಂಡಿದ್ದಾರೆ?

ಹುಡುಗಿ ಜಾಣೆ, ಇಲ್ಲವೆನ್ನುವಂತಿಲ್ಲ. ಆ ಜಾಣತನವೇ ತೊಡಕಾಯಿತು ನೋಡಿ. ಚಿಕ್ಕಂದಿನಿಂದ ಅಜ್ಜನ ಮೊಣಕಾಲ ಬಳಿ ಕೂತು ಅವನ ಬೆರಳು ನೋಡಿ ಕಲಿತವಳು ಅವಳು. ಕುಣಿಯುವವರಿಗೆ ಸದಾ ಬೆನ್ನು. ಹಿಂದಿನಿಂದ ಬರುವ ಸದ್ದೆಲ್ಲ ಅವಳ ಲೆಕ್ಕಕ್ಕೆ ಬರೀ ಗದ್ದಲ. ಮನೆಯ ಹಾಡಿನಲ್ಲಿ ಪ್ರತಿ ಸುತ್ತಿಗೂ ಮೂರು ಕಡೆ ಅಜ್ಜ ಗಕ್ಕನೆ ಕೈ ತಡೆಯುತ್ತಿದ್ದ. ಅಲ್ಲಿ ಗುಂಡಿ ಕೆಟ್ಟಿದೆಯೇನೋ ಎಂದು ಅವಳು ಒತ್ತಿ ನೋಡಿದಳು. ಚೆನ್ನಾಗಿಯೇ ನುಡಿಯಿತು.

"ಹಾಗಾದರೆ ಮುತ್ತಜ್ಜನಿಗೇ ಮುಂದಿನದು ಹೊಳೆದಿಲ್ಲ. ಪಾಪ, ಇವರೆಲ್ಲ ಅದನ್ನೇ ಎಳೆದುಕೊಂಡು ಬಂದಿದ್ದಾರೆ" ಎಂದುಕೊಂಡಳು.

ಆಮೇಲೆ ಮೂರು ತಿಂಗಳು ಕಾರ್ ಶೆಡ್ಡಿನ ಬಾಗಿಲು ಹಾಕಿಕೊಂಡು ಒಬ್ಬಳೇ ಅಭ್ಯಾಸ. ಆ ಮೂರೂ ಕಡೆ ಸುರುಳಿ ಸುರುಳಿಯಾಗಿ ಸ್ವರ ತುಂಬಿದಳು. ಎಲ್ಲರೂ ಬೆರಗಾಗಲಿ ಎಂದು ರೆಮಿಗೂ ಹೇಳಲಿಲ್ಲ. ಅಜ್ಜನ ಮುಂದೆ ಮಾತ್ರ ಹಳೆಯ ರೀತಿಯಲ್ಲೇ ನುಡಿಸಿದಳು. ಅಜ್ಜ ಮಾತು ಕಡಿಮೆಯ ಆಸಾಮಿ. "ಬೆರಳು ಸಾಕು. ಇನ್ನು ನೆಲವನ್ನು ಕೇಳಿಕೋ" ಎಂದ, ಅಷ್ಟೇ. ಮುದುಕರ ಮಾತು ಎಂದು ಅವಳು ಕಿವಿಗೆ ಹಾಕಿಕೊಳ್ಳಲಿಲ್ಲ.

ಆ ಭಾನುವಾರ ಬಂತು. ಹೊರಗೆ ನೂರಾರು ಕುದುರೆ, ಒಳಗೆ ಹಲಗೆಯ ನೆಲದ ತುಂಬ ಬೂಟುಗಾಲು. ಅಜ್ಜ ಬಿಳಿ ಟೋಪಿ ಹಾಕಿಕೊಂಡು ಬಂದಿದ್ದ. ಡೆಲ್ಫೀನ್ ಹಾಡು ಎತ್ತಿದ್ದೇ ತಡ, ಅವನು ಎದ್ದು ಅಜ್ಜಿಗೆ ಕೈ ಚಾಚಿದ. ಅಜ್ಜಿ ನಾಚಿದಳು, ಆ ವಯಸ್ಸಿನಲ್ಲಿ!

ಮೊದಲ ಖಾಲಿ ಜಾಗ ಬಂತು. ಜನ ಹಿಮ್ಮಡಿ ಎತ್ತಿದರು. ಡೆಲ್ಫೀನ್‌ಳ ಸ್ವರಗಳು ಜಳಜಳನೆ ಸುರಿದವು. ಎತ್ತಿದ ಕಾಲು ಎಲ್ಲಿ ಇಡಬೇಕೆಂದು ಯಾರಿಗೂ ತಿಳಿಯಲಿಲ್ಲ. ಒಬ್ಬರಿಗೊಬ್ಬರು ಡಿಕ್ಕಿ ಹೊಡೆದರು. ಎರಡನೆಯ ಕಡೆಯೂ ಹಾಗೇ, ಮೂರನೆಯ ಕಡೆಯೂ ಹಾಗೇ. ಸುತ್ತು ಸುತ್ತಿಗೂ ಜನ ಕರಗಿದರು, ಕುದುರೆಗೆ ನೀರು ತೋರಿಸುವ ನೆಪ ಮಾಡಿಕೊಂಡು ಹೊರಗೆ ಹೋದರು. ವೇದಿಕೆಯ ಕೆಳಗೆ ನಾಲ್ಕು ಹುಡುಗರು ಮಾತ್ರ ಮೊಬೈಲ್ ಹಿಡಿದು "ಭಲೇ, ಭಲೇ!" ಎಂದರು. ಅವಳು ಇನ್ನಷ್ಟು ಜೋರು ಮಾಡಿದಳು. ಕಣ್ಣು ತನ್ನ ಬೆರಳ ಮೇಲೇ.

ಧಡ್ ಎಂದು ಸದ್ದಾಯಿತು. ತಲೆ ಎತ್ತಿದರೆ, ಅಜ್ಜ ಮುಗ್ಗರಿಸಿ ಗೋಡೆ ಹಿಡಿದಿದ್ದಾನೆ. ಅಜ್ಜಿ ಅವನನ್ನು ಕುರ್ಚಿಗೆ ಕೂರಿಸುತ್ತಿದ್ದಾಳೆ.

ರೆಮಿ ತಗಡು ಗೀರುತ್ತಲೇ ಹತ್ತಿರ ಬಂದ. ಅವನು ಯಾವಾಗಲೂ ಕುಣಿಯುವವರ ನಡುವೆ ಓಡಾಡಿಕೊಂಡು ನುಡಿಸುವವನು.

"ಅಕ್ಕಾ, ಅವರು ಕಾಲು ಬಡಿಯುವ ಜಾಗದಲ್ಲೆಲ್ಲ ನೀನೇ ತುಂಬಿಕೊಂಡರೆ ಅವರು ಎಲ್ಲಿ ಬಡಿಯಬೇಕು?"

ಕೊನೆಯ ಸುತ್ತು ಮಾತ್ರ ಬಾಕಿ. ಮೂರು ತಿಂಗಳ ಶ್ರಮ ಬೆರಳ ತುದಿಯಲ್ಲಿತ್ತು, ಹುಡುಗರ ಮೊಬೈಲೂ ಅವಳ ಕಡೆಗೇ ಇತ್ತು. ಬಿಡಲು ಸಂಕಟವಾಯಿತು. ಆದರೂ ಖಾಲಿ ಜಾಗ ಬಂದಾಗ ಡೆಲ್ಫೀನ್ ಬೆರಳು ಎತ್ತಿದಳು.

ಧಪ್!

ನೆಲದ ಮೇಲೆ ಉಳಿದಿದ್ದವು ಮೂರೇ ಜೋಡಿ. ಆದರೆ ಹಲಗೆ ಗುಡುಗಿದ ಸದ್ದು ಬಾಗಿಲಾಚೆ ಕುದುರೆಗಳವರೆಗೆ ಹೋಯಿತು. ಹೊರಗಿದ್ದವರು ತಿರುಗಿ ನೋಡಿದರು, ಬಾಟಲಿ ಕೆಳಗಿಟ್ಟು ಓಡಿ ಬಂದರು. ಎರಡನೆಯ ಧಪ್‌ಗೆ ಅರ್ಧ ಹಾಲ್ ತುಂಬಿತ್ತು. ಮೂರನೆಯದಕ್ಕೆ ಕಿಟಕಿಯ ಗಾಜು ನಡುಗಿತು. ಆ ಸದ್ದು ಮುಗಿದ ಮೇಲೆ, ಎಲ್ಲರಿಗಿಂತ ಒಂಚೂರು ತಡವಾಗಿ, ಇನ್ನೊಂದು ಸಣ್ಣ ಧಪ್ ಕೇಳಿಸಿತು. ಅಜ್ಜಿಯ ಕೈ ಹಿಡಿದು ಮತ್ತೆ ಎದ್ದಿದ್ದ ಅಜ್ಜನ ಕಾಲು ಅದು.

ಹಾಡು ಮುಗಿಯಿತು, ಜನ ಇನ್ನೂ ಕುಣಿಯುತ್ತಲೇ ಇದ್ದರು. ಡೆಲ್ಫೀನ್ ಕಣ್ಣು ಒರೆಸಿಕೊಳ್ಳುತ್ತ ಕೆಳಗಿಳಿದು ಬಂದಳು.

"ತಪ್ಪಾಯಿತು ಅಜ್ಜಾ. ನಿನಗೆ ಗೊತ್ತಿದ್ದೂ ಯಾಕೆ ಹೇಳಲಿಲ್ಲ?"

"ನನ್ನ ಮುಂದೆ ನೀನು ಜಾಗ ಬಿಟ್ಟೇ ನುಡಿಸಿದ್ದೆ, ಅದು ಯಾರಿಗೆ ಬಿಟ್ಟದ್ದು ಅಂತ ನಿನಗೆ ಗೊತ್ತಿದೆ ಅಂದುಕೊಂಡೆ" ಎಂದ ಅಜ್ಜ, ಏದುಸಿರು ಬಿಡುತ್ತ. "ಸರಿ, ಇನ್ನೊಂದು ನುಡಿಸು ಹೋಗು. ಇವಳು ಇನ್ನೂ ಕೈ ಬಿಟ್ಟಿಲ್ಲ."

ನೀತಿ: ಹಿರಿಯರ ಕೆಲಸದಲ್ಲಿ ಖಾಲಿ ಜಾಗ ಕಂಡರೆ ಕೊರತೆಯೆಂದು ತುಂಬಲು ಹೋಗುವ ಮೊದಲು, ಅದನ್ನು ಯಾರಿಗಾಗಿ ಬಿಟ್ಟಿದ್ದಾರೆ ಎಂದು ಕೇಳಿಕೊಳ್ಳಿ.