ಸೂಲಗಿತ್ತಿ ಹೋಗಿ ಬಂದದ್ದು

"ಗುರುಗಳೇ, ಅಳುವವರನ್ನು ಬಿಟ್ಟು ಹೊರಡುವುದು ಹೇಗೆ?" ಎಂದು ಬಸವಂತ ಕೇಳಿದ.

ಗುರುಗಳು ಎಳೆಬಿಸಿಲಿಗೆ ಬೆನ್ನು ಕೊಟ್ಟು ಕೂತಿದ್ದರು. ಅಳುವವರು ಯಾರು ಎಂದು ವಿಚಾರಿಸಿದರು. ಶಿಷ್ಯ ತನ್ನ ತಂಗಿಯ ವಿಷಯ ಹೇಳಿದ. ತಾಯಿ ತಂದೆ ಇಲ್ಲದ, ಒಂಬತ್ತು ವರ್ಷದ ಹುಡುಗಿ. ಸೋದರತ್ತೆಯ ಮನೆಯಲ್ಲಿ ಬೆಳೆಯುತ್ತಿದ್ದಾಳೆ. ಅವನು ನೋಡಲು ಹೋದಾಗಲೆಲ್ಲ, ಹೊರಡುವ ಹೊತ್ತಿಗೆ ಅವನ ಮೇಲುವಸ್ತ್ರ ಹಿಡಿದುಕೊಂಡು ಬಿಡುವುದಿಲ್ಲ. ಕಳೆದ ಸಲ ಅವಳು ಮಲಗಿದ್ದಾಗ ಅವನು ಹೇಳದೆ ಬಂದುಬಿಟ್ಟಿದ್ದ. ಇನ್ನು ಹೋಗದೇ ಇದ್ದರೆ ಅವಳು ತನ್ನನ್ನು ಮರೆತು ಸುಖವಾಗಿರಬಹುದೇನೋ ಎಂದೂ ಒಮ್ಮೊಮ್ಮೆ ಅನ್ನಿಸುತ್ತದೆ ಎಂದ.

ಗುರುಗಳು ಈ ಕತೆ ಹೇಳಿದರು.

ಒಂದು ಬೆಟ್ಟದ ತಪ್ಪಲಲ್ಲಿ ಒಬ್ಬ ಸೂಲಗಿತ್ತಿ ಇದ್ದಳು. ಸುತ್ತಲ ಏಳೆಂಟು ಹಳ್ಳಿಗಳ ಮಕ್ಕಳೆಲ್ಲ ಅವಳ ಕೈಯಿಂದಲೇ ಭೂಮಿಗೆ ಬಂದವರು. ಅವಳಿಗೆ ಮಾತ್ರ ತನ್ನವರು ಎಂದು ಯಾರೂ ಇರಲಿಲ್ಲ. ಬೆಳಗಾದರೆ ಬೆಟ್ಟದ ಮಂಜು ಅವಳ ಅಂಗಳದವರೆಗೆ ಇಳಿದು ಬರುತ್ತಿತ್ತು. ಬಿಸಿಲು ಏರಿದ ಹಾಗೆ ಮೆಲ್ಲಗೆ ಹಿಂದಕ್ಕೆ ಹೋಗುತ್ತಿತ್ತು. ಅವಳ ಮನೆಗೆ ದಿನವೂ ಬಂದು ಹೋಗುವ ನೆಂಟ ಎಂದರೆ ಅದೊಂದೇ.

ಒಂದು ಸಲ ಉಪ್ಪಿನ ವ್ಯಾಪಾರಿಗಳು ಎತ್ತುಗಳನ್ನು ಹೊಡೆದುಕೊಂಡು ಬಂದು ಊರ ಮುಂದೆ ತಂಗಿದರು. ಮರುದಿನ ನಸುಕಿನಲ್ಲಿ ಗಂಟುಮೂಟೆ ಕಟ್ಟಿಕೊಂಡು ಹೊರಟರು. ಅವರದೊಂದು ಪುಟ್ಟ ನಾಯಿ ಮೂಟೆಗಳ ಮರೆಯಲ್ಲಿ ನಿದ್ದೆಹೋಗಿತ್ತು. ಅದು ಕಣ್ಣು ಬಿಟ್ಟಾಗ ಮೂಟೆಯೂ ಇರಲಿಲ್ಲ, ಎತ್ತೂ ಇರಲಿಲ್ಲ. ಮೂರು ದಿನ ಅದು ದಾರಿಯನ್ನೇ ನೋಡುತ್ತ ಕೂತಿತ್ತು. ನಾಲ್ಕನೆಯ ದಿನ ಸೂಲಗಿತ್ತಿಯ ಹಿಂದೆ ನಡೆದು ಅವಳ ಮನೆಗೆ ಬಂತು.

ಬೊಗಸೆಯಲ್ಲಿ ಹಿಡಿಸುವಷ್ಟು ನಾಯಿ. ಕರಿ ಎಳ್ಳಿನ ಬಣ್ಣ. ಅವಳು ಅದನ್ನು ಎಳ್ಳು ಎಂದೇ ಕರೆದಳು.

ಅವಳು ಮನೆಯಲ್ಲಿ ಇರುವಷ್ಟು ಹೊತ್ತು ನಾಯಿಗೆ ಯಾವ ತೊಂದರೆಯೂ ಇರಲಿಲ್ಲ. ಆದರೆ ಹೆರಿಗೆಗೆ ಕರೆ ಬಂದು, ಅವಳು ಹಳೆಯ ಬಟ್ಟೆ, ಹರಳೆಣ್ಣೆಯ ಕುಡಿಕೆ ಎಲ್ಲ ಸೇರಿಸಿ ಗಂಟು ಕಟ್ಟಲು ಕೂತರೆ ಅದರ ಮೈ ನಡುಗತೊಡಗುತ್ತಿತ್ತು. ಬಾಯಿಂದ ಜೊಲ್ಲು ಸುರಿಯುತ್ತಿತ್ತು. ಬಾಗಿಲು ಮುಚ್ಚಿದಳೋ, ಅಳು ಶುರು. ಆ ಅಳು ಅವಳ ಹಿಂದೆಯೇ ಬೆಟ್ಟದ ತಿರುವಿನ ತನಕ ಬರುತ್ತಿತ್ತು. ತಿರುಗಿ ಬಂದು ನೋಡಿದರೆ ಬಾಗಿಲಿನ ಮೇಲೆಲ್ಲ ಉಗುರಿನ ಗೆರೆ, ಗೆರೆಯ ಜೊತೆಗೆ ರಕ್ತ.

ಅವಳು ಕಟ್ಟಿಹಾಕಿ ನೋಡಿದಳು. ಹಗ್ಗ ಕುತ್ತಿಗೆಯನ್ನು ಕೊಯ್ದಿತು. ಜೊತೆಗೆ ಕರೆದುಕೊಂಡು ಹೋದಳು. ಬಾಣಂತಿಯ ಮನೆಯವರು ಒಳಗೆ ಬಿಡಲಿಲ್ಲ, ಅದು ಹೊರಗೆ ನಿಂತು ಅತ್ತಿತು. ಕೊನೆಗೆ ಒಂದು ದಿನ ಅದು ಮಲಗಿದ್ದಾಗ ಸದ್ದಿಲ್ಲದೆ ಹೋಗಿ ಬಂದಳು. ಅಂದಿನಿಂದ ನಾಯಿ ನಿದ್ದೆ ಮಾಡುವುದನ್ನೇ ಬಿಟ್ಟಿತು. ಅವಳ ಪಾದದ ಮೇಲೆ ಗದ್ದ ಇಟ್ಟು, ಕಣ್ಣು ತೆರೆದುಕೊಂಡೇ ಬಿದ್ದಿರುತ್ತಿತ್ತು.

ಒಂದು ಬೆಳಿಗ್ಗೆ ಬೆಟ್ಟದ ಆಚೆಯ ಹಳ್ಳಿಯಿಂದ ಕರೆ ಬಂತು. ಅವಳು ಹೊರಟಳು. ತಿರುವಿನ ಹತ್ತಿರ ಅಳು ಕೇಳಿ ತಿರುಗಿ ಬಂದಳು, ಸಮಾಧಾನ ಮಾಡಿ ಮತ್ತೆ ಹೊರಟಳು. ಹೀಗೆ ಮೂರು ಸಲ. ಅವಳು ಹೋಗಿ ಮುಟ್ಟುವ ಹೊತ್ತಿಗೆ ಮಗು ಹುಟ್ಟಿಯಾಗಿತ್ತು. ಅಜ್ಜಿಯ ಕೈಯಲ್ಲಿ ನೀಲಿಗಟ್ಟಿ ಮಲಗಿತ್ತು, ಅಳುತ್ತಿರಲಿಲ್ಲ. ಸೂಲಗಿತ್ತಿ ಅದರ ಬಾಯಿ ಒರೆಸಿದಳು, ಅಂಗಾಲು ತಟ್ಟಿದಳು, ತನ್ನ ಉಸಿರು ಕೊಟ್ಟಳು. ಬಹಳ ಹೊತ್ತಿನ ಮೇಲೆ ಮಗು ಸಣ್ಣಗೆ ಅತ್ತಿತು. ಮನೆಯವರು ಅವಳಿಗೆ ಕೈ ಮುಗಿದರು. ತಡವಾದದ್ದು ಏಕೆ ಎಂದು ಯಾರೂ ಕೇಳಲಿಲ್ಲ. ಯಾರಾದರೂ ಕೇಳಿದ್ದರೆ ಚೆನ್ನಾಗಿತ್ತು ಎಂದುಕೊಳ್ಳುತ್ತ ಅವಳು ಬೆಟ್ಟ ಇಳಿದಳು.

ಪಕ್ಕದ ಮನೆಯ ಕುಂಬಾರನಿಗೆ ಸುದ್ದಿ ತಿಳಿಯಿತು.

"ಅದನ್ನು ಕುರಿ ಕಾಯುವವರಿಗೆ ಕೊಟ್ಟುಬಿಡು ತಾಯಿ," ಎಂದ ಅವನು. "ಒಂದು ನಾಯಿಯ ದೆಸೆಯಿಂದ ಒಂದು ಕೂಸು ಹೋಗಬೇಕೇ?"

"ಒಮ್ಮೆ ಬಿಟ್ಟು ಹೋದದ್ದಕ್ಕೇ ಅದು ಹೀಗಾಗಿದೆ ಅಣ್ಣ. ಇನ್ನೊಮ್ಮೆ ನಾನೂ ಬಿಡಲೇ?" ಎಂದಳು ಸೂಲಗಿತ್ತಿ.

ಆದರೆ ಕುಂಬಾರ ಹೇಳಿದ್ದೂ ಸುಳ್ಳಲ್ಲ ಎಂದು ಅವಳಿಗೆ ಗೊತ್ತಿತ್ತು. ಒಂದು ದಾರಿ ಕಾಣುವ ತನಕ, ಕರೆ ಬಂದಾಗಲೆಲ್ಲ ಕುಂಬಾರನ ಹೆಂಡತಿ ಬಂದು ನಾಯಿಯ ಜೊತೆ ಕೂತಿರಬೇಕು ಎಂದು ಬೇಡಿಕೊಂಡಳು. ಆಕೆ ಒಪ್ಪಿದಳು.

ದಾರಿ ಕಂಡದ್ದು ಹೆರಿಗೆಯ ಕೋಣೆಯಲ್ಲೇ. ಸೂಲಗಿತ್ತಿಯದೇ ಊರಿನ ಒಬ್ಬ ಎಳೆಯ ಹೆಣ್ಣಿಗೆ ಅದು ಚೊಚ್ಚಲು. ಅವಳು ಸೂಲಗಿತ್ತಿಯ ಕೈಯನ್ನು ಗಟ್ಟಿಯಾಗಿ ಹಿಡಿದುಕೊಂಡು, ಬಿಟ್ಟು ಹೋಗಬೇಡ ಎಂದು ಅಳುತ್ತಿದ್ದಳು. ಬಿಸಿನೀರು ತರಬೇಕಿತ್ತು. ಹತ್ತು ಸಲ ಉಸಿರಾಡು, ಅಷ್ಟರೊಳಗೆ ಬಂದೆ ಎಂದು ಸೂಲಗಿತ್ತಿ ಎದ್ದಳು. ಆರನೆಯ ಉಸಿರಿಗೇ ಬಂದು ಕೂತಳು. ಮುಂದಿನ ಸಲ ಇಪ್ಪತ್ತು ಎಂದಳು, ಹದಿನೈದಕ್ಕೆ ಬಂದಳು. ಮಧ್ಯಾಹ್ನದ ಹೊತ್ತಿಗೆ ಆ ಹೆಣ್ಣು ಕಣ್ಣು ಮುಚ್ಚಿಕೊಂಡೇ ಕೈ ಬಿಡತೊಡಗಿದಳು. ಸೂಲಗಿತ್ತಿ ಎದ್ದು ಹೋದದ್ದನ್ನು ತಲೆ ಎತ್ತಿ ನೋಡಲೂ ಇಲ್ಲ. ಸಂಜೆಗೆ ಹೆರಿಗೆ ಸುಸೂತ್ರವಾಯಿತು.

ಇದನ್ನು ಸೂಲಗಿತ್ತಿ ನೂರಾರು ಮನೆಗಳಲ್ಲಿ ಮಾಡಿದ್ದಳು. ಮಾಡುತ್ತಿದ್ದೇನೆ ಎಂದು ಅವಳಿಗೆ ತಿಳಿದದ್ದು ಅಂದೇ. ಮನೆಗೆ ಬರುವಾಗ ಬೂರುಗದ ಹತ್ತಿ ಗಾಳಿಯಲ್ಲಿ ತೇಲುತ್ತಿತ್ತು. ಯಾವುದೂ ನೆಲಕ್ಕೆ ಇಳಿಯುವ ಅವಸರದಲ್ಲಿರಲಿಲ್ಲ. ಅವಳು ಕನಸಿನಲ್ಲಿ ನಡೆಯುವವಳ ಹಾಗೆ ನಡೆದು ಬಂದಳು.

ಮರುದಿನ ಅವಳು ಗಂಟು ಕಟ್ಟಿದಳು. ನಾಯಿ ನಡುಗಿತು. ಅವಳು ಎಲ್ಲಿಗೂ ಹೋಗಲಿಲ್ಲ. ಗಂಟನ್ನು ತೊಡೆಯ ಮೇಲಿಟ್ಟುಕೊಂಡು ಅವರೆಕಾಳು ಸುಲಿಯುತ್ತ ಕೂತಳು. ಆಮೇಲೆ ಗಂಟು ಬಿಚ್ಚಿದಳು. ಮತ್ತೆ ಕಟ್ಟಿದಳು. ದಿನಕ್ಕೆ ಹತ್ತು ಸಲ, ಹನ್ನೆರಡು ಸಲ. ಎಂಟು ದಿನ ಕಳೆದ ಮೇಲೆ ಗಂಟು ಕಟ್ಟುವ ಸದ್ದಿಗೆ ನಾಯಿ ಕಿವಿಯನ್ನಷ್ಟೇ ಅಲ್ಲಾಡಿಸಿತು.

ಆಗ ಅವಳು ಹೊಸ್ತಿಲು ದಾಟಿದಳು. ದಾಟಿ, ಒಂದು ಉಸಿರಿನಷ್ಟು ಹೊತ್ತು ನಿಂತು, ಒಳಗೆ ಬಂದಳು. ಬಂದವಳು ಅದನ್ನು ಎತ್ತಿ ಮುದ್ದಾಡಲಿಲ್ಲ. ನೀರು ಕುಡಿಯಲು ಹೋಗಿ ಬಂದವಳ ಹಾಗೆ ತನ್ನ ಕೆಲಸಕ್ಕೆ ತೊಡಗಿದಳು. ಮಾರನೆಯ ದಿನ ಬಾಗಿಲು ಮುಚ್ಚಿ ಮೂರು ಉಸಿರು. ಆಮೇಲೆ ಹತ್ತು. ಆಮೇಲೆ ಬಾವಿಯ ಕಟ್ಟೆಯ ತನಕ. ಹೊರಡುವ ಮುಂಚೆ ತಾನು ಉಟ್ಟು ಬಿಟ್ಟ ಸೀರೆಯನ್ನು ಅದರ ಜಾಗದಲ್ಲಿ ಹಾಸುತ್ತಿದ್ದಳು. ಒಂದು ಕರಟಕ್ಕೆ ರಾಗಿಮುದ್ದೆ ಮೆತ್ತಿ ಮುಂದೆ ಇಡುತ್ತಿದ್ದಳು. ನಾಯಿ ಅದನ್ನು ನೆಕ್ಕಿ ಮುಗಿಸುವುದರೊಳಗೆ ಅವಳು ಬಂದಿರುತ್ತಿದ್ದಳು.

ದಿನವೆಲ್ಲ ಹೊರಟು ಎಲ್ಲಿಗೂ ಹೋಗದ ಹೆಂಗಸು ಎಂದು ಊರವರು ನಕ್ಕರು.

ಒಂದು ದಿನ ಅವಳಿಗೇ ಅವಸರವಾಯಿತು. ಬಾವಿಯ ತನಕ ಆಯಿತಲ್ಲ, ಇನ್ನು ಬೆಟ್ಟದ ತಿರುವಿಗೆ ಹೋಗಿ ನೋಡೋಣ ಎಂದುಕೊಂಡು ಹೋದಳು. ತಿರುವಿಗೆ ಮುಟ್ಟುವ ಮೊದಲೇ ಹಳೆಯ ಅಳು ಕೇಳಿಸಿತು. ಓಡಿ ಬಂದಳು. ನಾಯಿ ಸೀರೆಯನ್ನು ಹರಿದು ಅದರೊಳಗೆ ಮುಖ ಹುದುಗಿಸಿಕೊಂಡಿತ್ತು. ಅವಳು ಬೈಯಲಿಲ್ಲ. ತಪ್ಪು ತನ್ನದೇ ಎಂದು ಅವಳಿಗೆ ಅರಿವಾಯಿತು. ಮರುದಿನ ಮತ್ತೆ ಹೊಸ್ತಿಲಿನಿಂದಲೇ ಮೊದಲು ಮಾಡಿದಳು.

ಅವರೆಕಾಲ ಮುಗಿಯಿತು. ಬೂರುಗದ ಮರ ಚಿಗುರಿತು. ಬೆಟ್ಟದ ಮಂಜು ತೆಳ್ಳಗಾಗಿ, ಒಂದು ದಿನ ಬರುವುದನ್ನೇ ಬಿಟ್ಟಿತು. ಅವಳು ಹೋಗುತ್ತಿದ್ದಳು, ಬರುತ್ತಿದ್ದಳು. ದಿನಗಳು ಒಂದರ ಹಿಂದೊಂದು ನೀರಿನ ಮೇಲೆ ಎಲೆ ತೇಲಿ ಹೋದ ಹಾಗೆ ಹೋದವು.

ಬೇಸಗೆಯ ಒಂದು ಬೆಳಿಗ್ಗೆ ಬೆಟ್ಟದ ಆಚೆಯಿಂದ ಕರೆ ಬಂತು. ಕುಂಬಾರನ ಹೆಂಡತಿ ಬರಲೇ ಎಂದು ಕೇಳಿದಳು. ಇವತ್ತು ಹೊರಗಿನಿಂದಲೇ ಕಿವಿಗೊಟ್ಟು ನೋಡು, ಅತ್ತರೆ ಮಾತ್ರ ಒಳಗೆ ಹೋಗು ಎಂದು ಸೂಲಗಿತ್ತಿ ಹೇಳಿದಳು. ಗಂಟು ಕಟ್ಟಿದಳು, ಸೀರೆ ಹಾಸಿದಳು, ಕರಟ ಇಟ್ಟಳು. ಬಾಗಿಲು ಮುಚ್ಚಿ ನಡೆದಳು.

ತಿರುವಿನಲ್ಲಿ ಅವಳ ಕಾಲುಗಳು ತಾವಾಗಿ ನಿಂತವು. ಅವಳು ಕಿವಿಗೊಟ್ಟಳು. ಏನೂ ಕೇಳಿಸಲಿಲ್ಲ. ಎಲ್ಲೋ ಒಂದು ಮರಕುಟಿಗ ಮರ ಕುಟ್ಟುತ್ತಿತ್ತು, ಅಷ್ಟೇ. ಇಷ್ಟು ತಿಂಗಳು ಬೇಡಿಕೊಂಡ ಮೌನ ಅದು. ಆದರೂ ಅದನ್ನು ಕೇಳುತ್ತ ನಿಂತಾಗ ತನಗಾಗಿ ಅಳುವವರು ಈಗ ಯಾರೂ ಇಲ್ಲ ಎನ್ನಿಸಿತು. ಒಮ್ಮೆ ತಿರುಗಿ ಹೋಗಿ, ಬಾಗಿಲು ತೆರೆದು, ಅದು ತನ್ನನ್ನು ಮರೆತಿಲ್ಲವಲ್ಲ ಎಂದು ನೋಡಿ ಬರುವ ಆಸೆಯಾಯಿತು. ಅಳುತ್ತಿದ್ದಾಗ ಮೂರು ಸಲ ತಿರುಗಿ ಹೋದದ್ದು ನಾಯಿಗಾಗಿಯೋ ತನಗಾಗಿಯೋ ಎಂದು ಅವಳು ಅಲ್ಲಿ ನಿಂತು ಯೋಚಿಸಿದಳು. ಸೆರಗಿನಿಂದ ಕಣ್ಣು ಒರೆಸಿಕೊಂಡು ಬೆಟ್ಟ ಹತ್ತಿದಳು.

ಆ ಹೆರಿಗೆ ಕಷ್ಟದ್ದಾಗಿತ್ತು. ಮಗು ಅಡ್ಡ ತಿರುಗಿತ್ತು. ಅವಳು ಸರಿಯಾದ ಹೊತ್ತಿಗೆ ಮುಟ್ಟಿದ್ದರಿಂದ ತಾಯಿಯೂ ಉಳಿದಳು, ಮಗುವೂ ಉಳಿಯಿತು.

ಸೂರ್ಯ ಇಳಿಯುವ ಹೊತ್ತಿಗೆ ಅವಳು ಮನೆಗೆ ಬಂದಳು. ಕುಂಬಾರನ ಹೆಂಡತಿ ಅಂಗಳದಲ್ಲೇ ಕಾದಿದ್ದಳು. ಒಂದು ಸಲ ಕುಂಯ್ ಎಂದದ್ದು ಕೇಳಿಸಿತು, ಬಾಗಿಲಿನ ತನಕ ಬಂದು ಮೂಸಿತು, ಆಮೇಲೆ ಸದ್ದೇ ಇಲ್ಲ ಎಂದು ವರದಿ ಒಪ್ಪಿಸಿದಳು. ಸೂಲಗಿತ್ತಿ ಮೆಲ್ಲಗೆ ಬಾಗಿಲು ತೆರೆದಳು. ನಾಯಿ ಸೀರೆಯ ಮೇಲೆ ಹೊಟ್ಟೆ ಮೇಲಾಗಿ ಮಲಗಿತ್ತು. ಎಷ್ಟೋ ತಿಂಗಳಿಂದ ನಿದ್ದೆಗೆಟ್ಟವರು ಮಲಗುವ ಹಾಗೆ ಮಲಗಿತ್ತು. ಸದ್ದಿಗೆ ಒಂದು ಕಣ್ಣು ತೆರೆದು ಅವಳನ್ನು ನೋಡಿತು. ಬಾಲವನ್ನು ಎರಡು ಸಲ ನೆಲಕ್ಕೆ ಬಡಿಯಿತು. ಮತ್ತೆ ಕಣ್ಣು ಮುಚ್ಚಿತು.

ಅವಳು ಅದರ ಪಕ್ಕದಲ್ಲಿ ಗೋಡೆಗೆ ಒರಗಿ ಕೂತಳು. ಬಹಳ ವರ್ಷಗಳ ಮೇಲೆ ಅವಳಿಗೂ ಕೂತಲ್ಲೇ ನಿದ್ದೆ ಹತ್ತಿತು.

ಗುರುಗಳು ಕತೆ ನಿಲ್ಲಿಸಿದರು. ಹೊರಡುವಾಗ ತಂಗಿಗೆ ಏನು ಹೇಳಬೇಕು, ಏನು ಕೊಟ್ಟು ಬರಬೇಕು ಎಂದು ಬಸವಂತ ಮನಸ್ಸಿನಲ್ಲೇ ಹೊಂದಿಸಿಕೊಳ್ಳುತ್ತಿದ್ದ. ಗುರುಗಳು ಅವನ ಮುಖ ನೋಡಿದರು.

"ಹೊರಡುವುದು ಹೇಗೆ ಎಂದು ಕೇಳಿದೆ ಮಗು, ಅವಳ ಹತ್ತಿರ ಮರಳಿ ಹೋಗುವುದು ಯಾವಾಗ ಎಂದು ನೀನು ಹೇಳಲೇ ಇಲ್ಲ."